ಮಂತ್ರಿಯಾಗದ ಮಲ್ಯರು



ಮಂಗಳೂರಿನ ಕೂಳೂರು ಜಂಕ್ಷನ್ನಿನಿಂದ ಉತ್ತರಕ್ಕೆ ಹೊರಟು ಗುರುಪುರ ಹೊಳೆಯ ಸೇತುವೆ ದಾಟಿದರೆ ಪಣಂಬೂರಿನ ಬಂದರು ಸಿಗುತ್ತದೆ. ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು. ಪೂರ್ವಕ್ಕೆ ತಿರುಗಿ ಕಾವೂರು, ಮರವೂರು ದಾಟಿ ಗುಡ್ಡ ಹತ್ತಿದರೆ ಬಜಪೆಯ ವಿಮಾನ ನಿಲ್ದಾಣ. ಹೆದ್ದಾರಿ, ಸೇತುವೆ, ಬಂದರು, ಕಾಲೇಜು, ವಿಮಾನ ನಿಲ್ದಾಣ ಇವುಗಳಲ್ಲಿ ಯಾವುದರ ಮಾತು ಬಂದರೂ ನಮ್ಮ ಹಿರಿಯರು ಒಂದೇ ಹೆಸರು ಹೇಳುತ್ತಾರೆ. ಆ ಹೆಸರು ಉಳ್ಳಾಲ ಶ್ರೀನಿವಾಸ ಮಲ್ಯರದು. ಈ ದತ್ತಿ ಉಪನ್ಯಾಸಕ್ಕಾಗಿ ಒಬ್ಬ ರಾಜಕಾರಣಿಯ ಜೀವನವನ್ನು ಕುರಿತು ಮಾತಾಡಬೇಕೆಂದಾಗ ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರನ್ನು ಎತ್ತಿಕೊಳ್ಳಬಹುದೆಂಬ ಸಲಹೆಯೂ ಇತ್ತು. ಆ ಅಧ್ಯಕ್ಷರೂ ನನ್ನ ಮಾತಿನ ನಡುವೆ ಬರುತ್ತಾರೆ. ಆದರೆ ಕೂಳೂರಿನಲ್ಲಿ ನಿಂತವನು ಮೊದಲು ಮಲ್ಯರ ಋಣವನ್ನು ನೆನೆಯಬೇಕು.

ಮಲ್ಯರು ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಆಮೇಲೆ ಮೂರು ಬಾರಿ ಲೋಕಸಭೆಗೆ ಆರಿಸಿ ಬಂದರು. ಕೇಂದ್ರದಲ್ಲಿ ಒಂದು ದಿನವೂ ಮಂತ್ರಿಯಾಗಿರಲಿಲ್ಲ. ಬಂದರು ಖಾತೆಯಾಗಲಿ, ರೈಲ್ವೆಯಾಗಲಿ, ಶಿಕ್ಷಣವಾಗಲಿ ಅವರ ಕೈಯಲ್ಲಿ ಇರಲಿಲ್ಲ. ಆದೇಶಕ್ಕೆ ಸಹಿ ಹಾಕುವ ಅಧಿಕಾರವೇ ಇಲ್ಲದ ಒಬ್ಬ ಸದಸ್ಯ ಇಷ್ಟು ಕೆಲಸಗಳನ್ನು ಒಂದೇ ಜಿಲ್ಲೆಗೆ ಹೇಗೆ ತಂದರು? ತಂದದ್ದಕ್ಕೆ ಬೆಲೆ ತೆತ್ತವರು ಯಾರು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳದೆ ಮಲ್ಯರ ಚರಿತ್ರೆ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಅವರು ಹುಟ್ಟಿದ್ದು 1902ರ ನವೆಂಬರ್ 21ರಂದು, ಗೌಡ ಸಾರಸ್ವತ ಕುಟುಂಬದಲ್ಲಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎಂಬ ಮಂಗಳೂರಿನ ಎಂದಿನ ಬಾಲ್ಯ. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮೊದಲ ಸಲ ಮಂಗಳೂರಿಗೆ ಬಂದರು. ಅಸಹಕಾರದ ಕರೆ ಊರಿನ ಹುಡುಗರ ಮನಸ್ಸನ್ನು ಅಲುಗಿಸಿತು. ಮಲ್ಯರೂ ಕಾಲೇಜು ಓದನ್ನು ನಡುವೆಯೇ ಬಿಟ್ಟು ಚಳವಳಿಗೆ ಇಳಿದವರು. ಅವರ ಪೀಳಿಗೆಯ ಎದುರಿಗೆ ಕಾರ್ನಾಡು ಸದಾಶಿವ ರಾಯರ ಬದುಕಿತ್ತು. ಶ್ರೀಮಂತ ವಕೀಲರ ಮನೆಯಲ್ಲಿ ಹುಟ್ಟಿ, ಇದ್ದದ್ದನ್ನೆಲ್ಲ ಹರಿಜನರಿಗೆ, ಅನಾಥ ಹೆಂಗಸರಿಗೆ, ಕಾಂಗ್ರೆಸ್ಸಿಗೆ ಸುರಿದು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು ಅವರು. ಬೆಂಗಳೂರಿನ ಸದಾಶಿವನಗರಕ್ಕೆ ಹೆಸರು ಬಂದದ್ದು ಅವರಿಂದ. ಸಾರ್ವಜನಿಕ ಜೀವನವೆಂದರೆ ಮನೆಯಿಂದ ಹೊರಗೆ ಕೊಡುವುದು, ಹೊರಗಿನಿಂದ ಮನೆಗೆ ತರುವುದಲ್ಲ ಎಂಬ ಪಾಠ ಮಂಗಳೂರಿನ ಹುಡುಗರಿಗೆ ಪುಸ್ತಕದಿಂದ ಬರಲಿಲ್ಲ, ಆ ಮನುಷ್ಯನನ್ನು ಕಣ್ಣಾರೆ ಕಂಡೇ ಬಂತು.

ಆ ಕಾಲದ ದಕ್ಷಿಣ ಕನ್ನಡಕ್ಕೆ ಎರಡು ವಿಳಾಸಗಳಿದ್ದವು. ಆಡಳಿತಕ್ಕೆ ಅದು ಮದ್ರಾಸು ಪ್ರಾಂತ್ಯದ ಒಂದು ಜಿಲ್ಲೆ. ಕಲೆಕ್ಟರರ ಮೇಲಿನವರೆಲ್ಲ ಮದ್ರಾಸಿನಲ್ಲಿ. ಕಾಂಗ್ರೆಸ್ಸಿಗೆ ಮಾತ್ರ ಅದು ಕರ್ನಾಟಕ. 1920ರ ನಾಗಪುರ ಅಧಿವೇಶನದ ಬಳಿಕ ಕಾಂಗ್ರೆಸ್ ತನ್ನ ಪ್ರಾಂತ್ಯಗಳನ್ನು ಭಾಷೆಯ ಪ್ರಕಾರ ಕಟ್ಟಿಕೊಂಡಿತು. ಹಾಗಾಗಿ ನಮ್ಮ ಜಿಲ್ಲೆ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಗೆ ಸೇರಿತು. ಇಲ್ಲಿನ ಕಾರ್ಯಕರ್ತನೊಬ್ಬ ಅರ್ಜಿಯನ್ನು ಮದ್ರಾಸಿಗೆ ಬರೆಯಬೇಕು, ಪಕ್ಷದ ವರದಿಯನ್ನು ಹುಬ್ಬಳ್ಳಿ ಧಾರವಾಡದ ಕಡೆಗೆ ಕಳಿಸಬೇಕು. ಇದನ್ನು ನಾನು ವಿಶೇಷವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ತನ್ನ ಊರು ಎರಡು ಮನೆಗಳ ಅಂಚಿನಲ್ಲಿದೆ, ಯಾವ ಮನೆಯಲ್ಲೂ ಅದು ನಡುಕೋಣೆಯಲ್ಲ ಎಂದು ಬಲ್ಲವನು ಕೇಳುವುದನ್ನು ಕಲಿಯುತ್ತಾನೆ. ಯಾರನ್ನು, ಯಾವಾಗ, ಯಾವ ಕಾಗದ ಹಿಡಿದು ಕೇಳಬೇಕು ಎಂಬ ಮಲ್ಯರ ವಿದ್ಯೆ ಆ ಅಂಚಿನಲ್ಲೇ ಬೆಳೆದದ್ದು ಎಂದು ನನಗೆ ಅನಿಸುತ್ತದೆ.

ಸ್ವಾತಂತ್ರ್ಯದ ಹೊತ್ತಿಗೆ ಮಲ್ಯರು ಮದ್ರಾಸು ಪ್ರಾಂತ್ಯದ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿದ್ದರು. ನಮ್ಮವರೇ ಆದ ಬೆನಗಲ್ ಶಿವರಾಯರೂ ಅಲ್ಲಿದ್ದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಜಿಲ್ಲೆಗೆ ಎರಡು ಲೋಕಸಭಾ ಸ್ಥಾನಗಳು. ದಕ್ಷಿಣ ಭಾಗದಿಂದ ಶಿವರಾಯರು, ಉತ್ತರ ಭಾಗದಿಂದ ಮಲ್ಯರು ಗೆದ್ದರು. 1957ರಲ್ಲೂ 1962ರಲ್ಲೂ ಮಲ್ಯರು ಉಡುಪಿ ಕ್ಷೇತ್ರದಿಂದ ಗೆದ್ದರು. ಚುನಾವಣೆಯ ಕಥೆ ಇಷ್ಟೇ ಸಾಕು. ಅವರ ರಾಜಕಾರಣದ ತಿರುಳು ಮತಪೆಟ್ಟಿಗೆಯ ಆಚೆ ಇದೆ.

ಅವರು ದೆಹಲಿಗೆ ಹೋದಾಗ ಈ ಕರಾವಳಿ ಹೇಗಿತ್ತು ಎಂಬುದನ್ನು ಇಲ್ಲಿರುವ ಎಳೆಯರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಮಂಗಳೂರಿನಿಂದ ಕುಂದಾಪುರಕ್ಕೆ ಹೋಗುವವನ ದಾರಿಗೆ ಹೊಳೆಗಳು ಒಂದರ ಹಿಂದೆ ಒಂದು ಅಡ್ಡ ಬರುತ್ತವೆ. ಕೂಳೂರಿನಲ್ಲಿ ಗುರುಪುರ ಹೊಳೆ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಘಟ್ಟದಿಂದ ಇಳಿದ ನೀರೆಲ್ಲ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವುದು ಹೆದ್ದಾರಿ ಹೋಗಬೇಕಾದ ಈ ಗೆರೆಯಲ್ಲೇ. ಸೇತುವೆಗಳಿಲ್ಲದ ಕಾಲದಲ್ಲಿ ಕಡವುಗಳೇ ಗತಿ. ಜನ ದೋಣಿಯಲ್ಲಿ ದಾಟಬೇಕು, ಗಾಡಿಗಳನ್ನು ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್‌ಗಳ ಮೇಲೆ ದಾಟಿಸಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಕಡವು ನಿಂತುಹೋಗುತ್ತಿತ್ತು. ಆಸ್ಪತ್ರೆಗೆ ಹೊರಟ ಬಸುರಿ, ಪರೀಕ್ಷೆಗೆ ಹೊರಟ ಹುಡುಗ, ಕೋರ್ಟಿನ ವಾಯಿದೆಗೆ ಹೊರಟ ಒಕ್ಕಲು ಎಲ್ಲರೂ ದಂಡೆಯಲ್ಲೇ ಕಾಯಬೇಕು.

ಬಂದರಿನ ಕಥೆಯೂ ಹಾಗೆಯೇ. ಮಂಗಳೂರಿನ ಹಳೇ ಬಂದರು ಹೆಸರಿಗೆ ದೊಡ್ಡದು. ಹೆಂಚು, ಕಾಫಿ, ಗೇರುಬೀಜ ಎಲ್ಲ ಅಲ್ಲಿಂದಲೇ ಹೊರಗೆ ಹೋಗುತ್ತಿದ್ದವು. ಆದರೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಮರಳು ಕೂತು ನೀರು ಆಳವಿಲ್ಲ. ದೊಡ್ಡ ಹಡಗು ದೂರ ಕಡಲಲ್ಲೇ ಲಂಗರು ಹಾಕಿ ನಿಲ್ಲಬೇಕು. ಮಂಜಿ ಎಂಬ ದೋಣಿಗಳಲ್ಲಿ ಸರಕು ಸಾಗಿಸಿ ಹಡಗಿಗೆ ಏರಿಸಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಬಂದರಿಗೆ ಬೀಗ. ರೈಲು 1907ರಲ್ಲೇ ಮಂಗಳೂರಿಗೆ ಬಂದಿತ್ತು ನಿಜ, ಆದರೆ ಅದು ದಕ್ಷಿಣದಿಂದ, ಮಲಬಾರಿನ ಕಡೆಯಿಂದ ಬಂದ ಹಳಿ. ಘಟ್ಟದ ಮೇಲಿನ ಹಾಸನಕ್ಕೆ, ಬೆಂಗಳೂರಿಗೆ ಇಲ್ಲಿಂದ ನೇರ ರೈಲಿನ ದಾರಿಯೇ ಇರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಸ್ವಂತ ಕೈಯಲ್ಲಿ ಕಟ್ಟಿದ್ದರ ಬಗ್ಗೆ ಹೆಮ್ಮೆ ಹೆಚ್ಚು. ಹೆಮ್ಮೆ ಪಡಬೇಕಾದದ್ದೇ. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಶುರುವಾದವು. ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಬಸ್ಸಿನ ಸಿ.ಪಿ.ಸಿ. ಕಂಪನಿ 1914ರದು. ಮಣಿಪಾಲದ ವೈದ್ಯಕೀಯ ಕಾಲೇಜು 1953ರದು. ಹಿಡಿಯಕ್ಕಿ, ಪಿಗ್ಮಿ ಠೇವಣಿ, ಜಾತಿಸಂಘ, ಮಠ, ಚರ್ಚು ಇವೆಲ್ಲದರಿಂದ ಶಾಲೆಯಾಗುತ್ತದೆ, ಬ್ಯಾಂಕಾಗುತ್ತದೆ, ಆಸ್ಪತ್ರೆಯಾಗುತ್ತದೆ. ಆದರೆ ಹೊಳೆಗೆ ಸೇತುವೆ ಆಗುವುದಿಲ್ಲ. ಹೊಳೆ ಯಾವ ಜಾತಿಗೂ ಸೇರಿದ್ದಲ್ಲ, ಸೇತುವೆಗೆ ವಂತಿಗೆ ಎತ್ತುವ ಸಂಘವೂ ಇಲ್ಲ. ಸರ್ವಋತು ಬಂದರಿಗೆ ಬೇಕಾದ ದುಡ್ಡು ಯಾವ ಧಣಿಯ ತಿಜೋರಿಯಲ್ಲೂ ಇಲ್ಲ. ಅಂಥ ಕೆಲಸಕ್ಕೆ ರಾಜ್ಯಶಕ್ತಿಯೇ ಬೇಕು. ಮಲ್ಯರು ಈ ಗಡಿಯನ್ನು ಸರಿಯಾಗಿ ಗುರುತಿಸಿದರು ಎಂಬುದೇ ನನ್ನ ಕಣ್ಣಿಗೆ ಅವರ ಎಲ್ಲಕ್ಕಿಂತ ದೊಡ್ಡ ಗುಣ. ಊರವರು ತಾವೇ ಮಾಡಿಕೊಳ್ಳಬಲ್ಲದ್ದನ್ನು ಊರವರಿಗೆ ಬಿಟ್ಟು, ಊರವರಿಂದ ಎಂದೂ ಆಗದ್ದನ್ನು ಆರಿಸಿಕೊಂಡು ಅದರ ಹಿಂದೆ ಬಿದ್ದರು.

ಈ ಜಾಗದಲ್ಲಿ ನಾನು ಅಮೆರಿಕದ ಆ ಅಧ್ಯಕ್ಷರನ್ನು ತರುತ್ತೇನೆ. ಲಿಂಡನ್ ಜಾನ್ಸನ್ ಹುಟ್ಟಿದ್ದು 1908ರಲ್ಲಿ, ಟೆಕ್ಸಸ್ಸಿನ ಗುಡ್ಡಗಾಡಿನಲ್ಲಿ. ಬಡ ಸೀಮೆ, ಒಣ ನೆಲ. 1937ರಲ್ಲಿ ಒಂದು ಉಪಚುನಾವಣೆಯಲ್ಲಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದಾಗ ಅವರಿಗೆ ಇನ್ನೂ 29 ತುಂಬಿರಲಿಲ್ಲ. ಅವರ ಕ್ಷೇತ್ರದ ಹಳ್ಳಿಗಳಲ್ಲಿ ವಿದ್ಯುತ್ ಇರಲಿಲ್ಲ. ಹೆಂಗಸರು ಬಾವಿಯಿಂದ ನೀರು ಸೇದಿ, ಕಟ್ಟಿಗೆ ಒಲೆಯ ಮೇಲೆ ಕಾಯಿಸಿ, ಕೈಯಲ್ಲೇ ಬಟ್ಟೆ ಒಗೆದು, ಒಲೆಯ ಮೇಲೆ ಕಾಯಿಸಿದ ಇಸ್ತ್ರಿಪೆಟ್ಟಿಗೆ ಎಳೆದು ಬೆನ್ನು ಬಾಗಿಸಿಕೊಂಡಿದ್ದರು. ಖಾಸಗಿ ವಿದ್ಯುತ್ ಕಂಪನಿಗಳಿಗೆ ದೂರದೂರದ ಮನೆಗಳಿಗೆ ತಂತಿ ಎಳೆಯುವುದು ಲಾಭದ ಕೆಲಸವಲ್ಲ. ಸರ್ಕಾರದ ಗ್ರಾಮೀಣ ವಿದ್ಯುತ್ ಯೋಜನೆಗೂ ಒಂದು ನಿಯಮವಿತ್ತು, ಮೈಲಿಗೆ ಸರಾಸರಿ ಮೂರು ಮನೆಯಾದರೂ ಇರಬೇಕೆಂದು. ಆ ಗುಡ್ಡಗಾಡಿನಲ್ಲಿ ಅಷ್ಟು ಮನೆಗಳಿಲ್ಲ. ಜಾನ್ಸನ್ ಅಧ್ಯಕ್ಷ ರೂಸ್ವೆಲ್ಟರ ಬಳಿಗೇ ಹೋಗಿ ಆ ನಿಯಮ ಸಡಿಲಿಸಿಕೊಂಡು ಬಂದರು. ಪೆಡರ್ನೇಲಿಸ್ ವಿದ್ಯುತ್ ಸಹಕಾರ ಸಂಘ ಹುಟ್ಟಿತು. 1939ರ ಹೊತ್ತಿಗೆ ಆ ಮನೆಗಳಲ್ಲಿ ದೀಪ ಹತ್ತಿತು. ಅಂದು ಜಾನ್ಸನ್ ಮಂತ್ರಿಯಲ್ಲ, ಪಕ್ಷದ ಮುಖಂಡರಲ್ಲ, ಮೊದಲ ಸಲ ಆರಿಸಿ ಬಂದ ಒಬ್ಬ ಸದಸ್ಯ ಮಾತ್ರ.

ಮುಂದೆ ಅವರ ದಾರಿ ಮಲ್ಯರ ದಾರಿಗಿಂತ ಪೂರಾ ಬೇರೆಯಾಯಿತು. 1949ರಲ್ಲಿ ಸೆನೆಟ್, 1955ರಲ್ಲಿ ಅಲ್ಲಿನ ಬಹುಮತ ಪಕ್ಷದ ನಾಯಕ, 1961ರಲ್ಲಿ ಉಪಾಧ್ಯಕ್ಷ, 1963ರ ನವೆಂಬರ್ 22ರಂದು ಕೆನಡಿಯವರ ಹತ್ಯೆಯಾದ ದಿನ ಅಧ್ಯಕ್ಷ. 1964ರ ನಾಗರಿಕ ಹಕ್ಕುಗಳ ಕಾಯಿದೆ, 1965ರ ಮತದಾನ ಹಕ್ಕಿನ ಕಾಯಿದೆ, ಮುದುಕರ ವೈದ್ಯಕೀಯ ವಿಮೆ ಇವೆಲ್ಲ ಅವರ ಕಾಲದವು, ಅವರ ಹಟದಿಂದಲೇ ಆದವು. ವಿಯೆಟ್ನಾಂ ಯುದ್ಧವನ್ನು ಹಿಗ್ಗಿಸಿ ಲಕ್ಷಾಂತರ ಜನರ ಸಾವಿಗೆ ಕಾರಣವಾದದ್ದೂ ಅದೇ ಕೈ. ನಮ್ಮಲ್ಲಿ ಮಳೆ ಕೈಕೊಟ್ಟ 1965ರಿಂದ 67ರ ವರ್ಷಗಳಲ್ಲಿ ಭಾರತಕ್ಕೆ ಬರುವ ಗೋಧಿಯ ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದವರೂ ಅವರೇ. ಗುಡ್ಡಗಾಡಿನ ಹೆಂಗಸರ ಬೆನ್ನುನೋವನ್ನು ಅಷ್ಟು ಚೆನ್ನಾಗಿ ಬಲ್ಲವರು ಬಿಹಾರದ ಹಸಿವನ್ನು ದೂರದಿಂದ ಲೆಕ್ಕದ ಪಟ್ಟಿಯಲ್ಲಿ ನೋಡಿದರು. 1968ರಲ್ಲಿ ಮತ್ತೆ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿ ಊರಿಗೆ ಮರಳಿದ ಅವರು 1973ರ ಜನವರಿಯಲ್ಲಿ ತೀರಿಕೊಂಡರು.

ಇಬ್ಬರನ್ನು ಹೀಗೆ ಎದುರುಬದುರು ಇಟ್ಟದ್ದು ಯಾರು ದೊಡ್ಡವರೆಂದು ತೂಗುವುದಕ್ಕಲ್ಲ. ಒಂದು ಕ್ಷೇತ್ರದ ಪ್ರತಿನಿಧಿಯ ಕೈಯಲ್ಲಿ ಎಷ್ಟು ಶಕ್ತಿ ಇರಬಲ್ಲದು ಎಂಬುದು ಇಬ್ಬರಲ್ಲೂ ಕಾಣುತ್ತದೆ. ತನ್ನ ಜನಕ್ಕೆ ಏನು ಬೇಕೆಂದು ಖಚಿತವಾಗಿ ಗೊತ್ತಿರಬೇಕು. ಅದನ್ನು ಕೊಡುವ ಕೋಣೆ ಯಾವುದೆಂದು ತಿಳಿದಿರಬೇಕು. ನಿಯಮ ಅಡ್ಡ ಬಂದರೆ ಆ ನಿಯಮ ಮಾಡಿದವರ ತನಕ ಹೋಗುವ ತಾಳ್ಮೆ ಬೇಕು. ಜಾನ್ಸನ್ನರಿಗೆ ರೂಸ್ವೆಲ್ಟ್ ಇದ್ದರು. ಮಲ್ಯರಿಗೆ ನೆಹರೂ ಸರ್ಕಾರದ ಆ ಮೊದಲ ಹದಿನೈದು ವರ್ಷಗಳು ಸಿಕ್ಕಿದವು, ದೇಶವೆಲ್ಲ ಪಂಚವಾರ್ಷಿಕ ಯೋಜನೆಯ ಹುರುಪಿನಲ್ಲಿದ್ದ ಕಾಲ.

ಬಜಪೆಯನ್ನೇ ನೋಡಿ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದು ಇಳಿದು ಆ ನಿಲ್ದಾಣ ಶುರುವಾಯಿತು. ದೇಶದ ಎಷ್ಟೋ ರಾಜಧಾನಿಗಳಿಗೆ ಸರಿಯಾದ ವಿಮಾನ ನಿಲ್ದಾಣ ಇಲ್ಲದ ದಿನಗಳವು. ಮದ್ರಾಸು ರಾಜ್ಯದ ಮೂಲೆಯ ಒಂದು ಜಿಲ್ಲಾ ಪಟ್ಟಣಕ್ಕೆ ಅದು ಬಂತು. ಹೆದ್ದಾರಿ ಮತ್ತು ಅದರ ಸೇತುವೆಗಳ ಕೆಲಸವೂ ಅದೇ ದಶಕದಲ್ಲಿ ವೇಗ ಹಿಡಿಯಿತು. ಕೂಳೂರಿನ ಹಳೆಯ ಸೇತುವೆ ಆ ಕಾಲದ್ದು. ಪಶ್ಚಿಮ ಕರಾವಳಿಯ ರಸ್ತೆ ಮುಂದೆ ರಾಷ್ಟ್ರೀಯ ಹೆದ್ದಾರಿ 17 ಎನಿಸಿಕೊಂಡು, ಈಗ 66 ಆಗಿದೆ. ಆ ಸೇತುವೆ ಕಟ್ಟಿದವರು ಅಂದಿನ ಬಸ್ಸು, ಲಾರಿಗಳ ಲೆಕ್ಕ ಹಾಕಿದ್ದರು. ಇಂದು ಅದರ ಮಗ್ಗುಲಲ್ಲಿ ಮತ್ತೊಂದು ಸೇತುವೆ ನಿಂತಿದೆ, ಇನ್ನೊಂದಕ್ಕೆ ಕಂಬ ಏರಿದೆ. ಗ್ಯಾಸ್ ಟ್ಯಾಂಕರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಬೇಸತ್ತವರು ನಮ್ಮಲ್ಲಿ ತುಂಬ ಇದ್ದಾರೆ. ಆ ಟ್ಯಾಂಕರುಗಳು ಇಲ್ಲಿ ಓಡುತ್ತಿರುವುದಕ್ಕೂ ಕಾರಣ ಮಲ್ಯರು ಕಂಡ ಬಂದರೇ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಆ ನೋವು ಇನ್ನೂ ಆರಿಲ್ಲ. ಕಾಸರಗೋಡಿನ ಕನ್ನಡಿಗರ ಪಾಲಿಗೆ ಅಂಚು ಅಂಚಾಗಿಯೇ ಉಳಿಯಿತು. ಇತ್ತ ಹೊಸ ಮೈಸೂರು ರಾಜ್ಯಕ್ಕೆ ಉದ್ದನೆಯ ಕರಾವಳಿ ದೊರೆಯಿತು. ಆದರೆ ಮಳೆಗಾಲದಲ್ಲೂ ಹಡಗು ನಿಲ್ಲುವ ದೊಡ್ಡ ಬಂದರು ಅಲ್ಲಿ ಒಂದೂ ಇರಲಿಲ್ಲ. ಅದೇ ಕರಾವಳಿಯ ಉತ್ತರದ ತುದಿಯಲ್ಲಿ ಕಾರವಾರವಿತ್ತು, ನಡುಗಡ್ಡೆಗಳ ಮರೆಯಲ್ಲಿ ಸಹಜವಾಗಿಯೇ ಆಳವಾದ ಕೊಲ್ಲಿ. ಮಂಗಳೂರಿನ ಬಳಿ ಅಂಥ ಪ್ರಕೃತಿಯ ಕೊಡುಗೆ ಏನೂ ಇಲ್ಲ. ಇಲ್ಲಿ ಬಂದರು ಬೇಕೆಂದರೆ ನೆಲವನ್ನು ಅಗೆದೇ ಮಾಡಬೇಕು. ಮಧ್ಯಮ ಬಂದರುಗಳ ಅಭಿವೃದ್ಧಿಗಾಗಿ ಕೇಂದ್ರ ನೇಮಿಸಿದ ಸಮಿತಿ ಮಂಗಳೂರು ಮತ್ತು ತೂತುಕುಡಿ ಎರಡನ್ನೂ ಸರ್ವಋತು ಬಂದರುಗಳನ್ನಾಗಿ ಬೆಳೆಸಲು ಶಿಫಾರಸು ಮಾಡಿತು. ಮೂರನೆಯ ಪಂಚವಾರ್ಷಿಕ ಯೋಜನೆಯಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಹಳೇ ಬಂದರಿನ ಅಳಿವೆಯನ್ನು ನಂಬಿ ಕೂರದೆ, ಅಲ್ಲಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕೆ ಪಣಂಬೂರನ್ನು ಆರಿಸಿದರು. ದಂಡೆಯ ಒಳಗೆ ಕೊಳ ತೋಡಿ, ಸಮುದ್ರದೊಳಗೆ ಕಾಲುವೆ ಕೊರೆದು, ಎರಡು ಕಡೆ ಅಲೆತಡೆಗಳನ್ನು ಕಟ್ಟಿ ಬಂದರು ಮಾಡುವ ಯೋಜನೆ. 1962ರಲ್ಲಿ ಕೆಲಸ ಶುರುವಾಯಿತು.

ಬಂದರಿನ ವಾದಕ್ಕೆ ಬಲ ಕೊಟ್ಟದ್ದು ಘಟ್ಟದ ಅದಿರು. ಬಂದರು ಬೇಕೆಂದರೆ ಸರಕು ತೋರಿಸಿ ಎನ್ನುತ್ತಾರೆ ದೆಹಲಿಯವರು. ಸರಕು ತರುವುದಕ್ಕೆ ಬಂದರೇ ಇಲ್ಲವಲ್ಲ ಎನ್ನುತ್ತಾರೆ ಊರವರು. ಈ ಸುತ್ತನ್ನು ಬಿಡಿಸಲಾಗದೆ ಎಷ್ಟೋ ಊರುಗಳ ಕನಸುಗಳು ಕಡತದಲ್ಲೇ ಮುಗಿದಿವೆ. ಮಲ್ಯರ ಯೋಚನೆಯಲ್ಲಿ ಬಂದರು ಒಂಟಿಯಾಗಿ ಇರಲಿಲ್ಲ. ಅದರ ಜೊತೆಗೆ ಘಟ್ಟ ಇಳಿದು ಬರುವ ರೈಲು, ರಸ್ತೆ, ಸೇತುವೆ, ಕೈಗಾರಿಕೆ, ಆ ಕೈಗಾರಿಕೆಗೆ ಬೇಕಾದ ಎಂಜಿನಿಯರುಗಳು ಎಲ್ಲ ಒಂದೇ ಸರಪಣಿಯ ಕೊಂಡಿಗಳಾಗಿ ಇದ್ದವು. ಇದನ್ನು ಅರಿಯದೆ ಅವರ ಕೆಲಸಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಹೊಗಳಿದರೆ ಅವರಿಗೆ ಅನ್ಯಾಯ ಮಾಡಿದಂತೆ.

ಕಾಲೇಜಿನ ಮಾತು ಬಂದದ್ದು ಇಲ್ಲಿಯೇ. ಎರಡನೆಯ ಯೋಜನೆಯ ಕಾಲದಲ್ಲಿ ಕೇಂದ್ರ ಮತ್ತು ರಾಜ್ಯಗಳು ಸೇರಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳನ್ನು ತೆರೆಯಲು ಹೊರಟವು. ರಾಜ್ಯದ ಪಾಲಿಗೆ ಬರುವ ಒಂದು ಕಾಲೇಜು ಬೆಂಗಳೂರಿಗೋ ಮೈಸೂರಿಗೋ ಹೋಗುವುದು ಸಹಜವಾಗಿತ್ತು. ಅದು ಬಂದದ್ದು ಸುರತ್ಕಲ್ಲಿನ ಸಮುದ್ರ ದಂಡೆಗೆ, 1960ರ ಆಗಸ್ಟ್ 6ರಂದು. ಅರ್ಧ ಸೀಟು ರಾಜ್ಯದವರಿಗೆ, ಅರ್ಧ ಹೊರರಾಜ್ಯದವರಿಗೆ ಎಂಬ ನಿಯಮದಿಂದ ಪಂಜಾಬಿನ ಹುಡುಗ, ಆಂಧ್ರದ ಹುಡುಗ, ಬಂಟ್ವಾಳದ ಹುಡುಗ ಒಂದೇ ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಉಂಡು ಬೆಳೆದರು. ಕೆ.ಆರ್.ಇ.ಸಿ. ಎಂದೇ ಊರವರ ಬಾಯಲ್ಲಿ ಉಳಿದ ಅದು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಅದರ ಅಂಚೆ ವಿಳಾಸ ಇಂದಿಗೂ ಶ್ರೀನಿವಾಸನಗರ. ಅಲ್ಲಿ ಓದುವ ಎಷ್ಟೋ ಮಕ್ಕಳು ಮನೆಗೆ ಪತ್ರ ಬರೆಯುವಾಗ, ಪಾರ್ಸೆಲ್ ತರಿಸುವಾಗ ಆ ಹೆಸರು ಬರೆದಿದ್ದಾರೆ, ಅದು ಯಾರ ಹೆಸರೆಂದು ಕೇಳದೆ. ನಿಮ್ಮಲ್ಲಿ ಅಲ್ಲಿ ಓದುತ್ತಿರುವವರು ಇದ್ದರೆ ಇನ್ನು ಮೇಲೆ ಗೆಳೆಯರಿಗೂ ತಿಳಿಸಿ.

ತಾವು ನೆಟ್ಟದ್ದು ಫಲ ಕೊಟ್ಟದ್ದನ್ನು ಮಲ್ಯರು ಪೂರ್ತಿಯಾಗಿ ಕಾಣಲಿಲ್ಲ. 1965ರ ಡಿಸೆಂಬರ್ 19ರಂದು, ಸಂಸತ್ ಸದಸ್ಯರಾಗಿರುವಾಗಲೇ ತೀರಿಕೊಂಡರು. ಆಗ ಅವರಿಗೆ 63. ಬಂದರನ್ನು ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿಸಿದ್ದು 1974ರ ಮೇ 4ರಂದು. 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಹಾಸನದ ರೈಲು ಬಂದದ್ದು 1979ರಲ್ಲಿ, ಅವರು ಹೋಗಿ 14 ವರ್ಷಗಳ ಮೇಲೆ. ಅದೂ ಮೀಟರ್ ಗೇಜು. ಅದನ್ನು ಬ್ರಾಡ್‌ಗೇಜಿಗೆ ಬದಲಿಸಲು 1996ರಲ್ಲಿ ನಿಲ್ಲಿಸಿದ ರೈಲು ಮತ್ತೆ ಪ್ರಯಾಣಿಕರನ್ನು ಹೊತ್ತದ್ದು 2007ರ ಡಿಸೆಂಬರ್‌ನಲ್ಲಿ. ಇಷ್ಟು ದೀರ್ಘ ಕಾಲ ಘಟ್ಟದ ರೈಲು ನಿಂತಾಗ ದೆಹಲಿಯಲ್ಲಿ ಅದರ ಹಿಂದೆ ದಿನವೂ ಬೀಳುವ ಒಬ್ಬ ಮಲ್ಯ ನಮಗೆ ಇರಲಿಲ್ಲ. ಉತ್ತರದ ಕಡೆಗೆ ಕೊಂಕಣ ರೈಲು 1998ರಲ್ಲಿ ಪೂರ್ತಿಯಾಯಿತು. ಅದರ ಹಿಂದೆ ಮಂಗಳೂರಿನ ಇನ್ನೊಬ್ಬ ಮಗ ಜಾರ್ಜ್ ಫರ್ನಾಂಡಿಸರಿದ್ದರು. ಅವರ ಕಥೆ ಬೇರೆಯೇ ಒಂದು ಉಪನ್ಯಾಸ ಬೇಡುತ್ತದೆ.

ಬಂದರಿನ ಬೆನ್ನಿಗೆ 1976ರಲ್ಲಿ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಕುದುರೆಮುಖದ ಅದಿರು ಕೊಳವೆಯಲ್ಲಿ ಕೆಸರಾಗಿ ಹರಿದು 67 ಕಿಲೋಮೀಟರ್ ದಾಟಿ ಪಣಂಬೂರಿಗೆ ಇಳಿಯಿತು. ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆ ಬಂತು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಕಾಡಿನ ಪರವಾಗಿ ನ್ಯಾಯಾಲಯ ನಿಂತದ್ದರಿಂದ. ಅದು ಸರಿಯಾದ ತೀರ್ಪೆಂದೇ ನಾನು ತಿಳಿದಿದ್ದೇನೆ. ಬಂದರು ಮಾತ್ರ ನಿಲ್ಲಲಿಲ್ಲ. ಇಂದು ವರ್ಷಕ್ಕೆ 4 ಕೋಟಿ ಟನ್ನಿಗಿಂತ ಹೆಚ್ಚು ಸರಕು ಅಲ್ಲಿ ಏರಿ ಇಳಿಯುತ್ತದೆ. ಕೂಳೂರು, ಪಂಜಿಮೊಗರು, ಕಾವೂರು, ಬೈಕಂಪಾಡಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಅದರ ಸಂಬಳದಿಂದ, ಅದರ ಲಾರಿಯಿಂದ, ಅದರ ಗುತ್ತಿಗೆ ಕೆಲಸದಿಂದ.

ನನ್ನ ಎರಡನೆಯ ಪ್ರಶ್ನೆಗೆ ಈಗ ಬರುತ್ತೇನೆ. ಬಂದರಿನ ಕೊಳ ತೋಡಿದ ಜಾಗ ಖಾಲಿ ಬಿದ್ದ ಮರಳಲ್ಲ. ಅಲ್ಲಿ ಮನೆಗಳಿದ್ದವು, ತೆಂಗಿನ ತೋಟಗಳಿದ್ದವು, ಗದ್ದೆಗಳಿದ್ದವು, ದೈವದ ಕಟ್ಟೆಗಳಿದ್ದವು, ದೋಣಿ ಎಳೆಯುವ ದಂಡೆ ಇತ್ತು. ಪಣಂಬೂರು ಸುತ್ತಲಿನ ಕುಟುಂಬಗಳು ಎದ್ದು ಹೋದವು. ಅವರಿಗೆ ಒಳನಾಡಿನ ಗುಡ್ಡದ ಕಡೆ ಬದಲಿ ನಿವೇಶನ ಕೊಟ್ಟರು. ಕಾಟಿಪಳ್ಳ, ಕೃಷ್ಣಾಪುರ ಬೆಳೆದದ್ದು ಹಾಗೆ. ಕಡಲ ದಂಡೆಯ ಮೊಗವೀರನಿಗೆ ಗುಡ್ಡದ ಮೇಲಿನ ನಿವೇಶನವೆಂದರೆ ಏನು? ಬಲೆ ಒಣಗಿಸಲು ಜಾಗ ಇರಬಹುದು, ಬೆಳಗಿನ ಜಾವ ದೋಣಿಗೆ ಓಡಲು ಕಡಲು ದೂರ. ತೆಂಗಿನ ಬುಡಕ್ಕೆ ಉಪ್ಪುಗಾಳಿ ಕಂಡವನಿಗೆ ಮುರಕಲ್ಲಿನ ನೆಲ ಹೊಸದು.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಭೂಸ್ವಾಧೀನ ನಡೆದದ್ದು ನಮ್ಮ ಜಿಲ್ಲೆಯಲ್ಲಿ ಗೇಣಿಪದ್ಧತಿ ಗಟ್ಟಿಯಾಗಿದ್ದ ಕಾಲದಲ್ಲಿ. ಕಾಯಂ ಗೇಣಿ ಹಿಡಿದ ಮೂಲಗೇಣಿಯವರಿಗೆ ಸ್ವಲ್ಪ ಆಧಾರವಿತ್ತು. ಚಾಲಗೇಣಿಯ ಒಕ್ಕಲು ವರ್ಷದಿಂದ ವರ್ಷಕ್ಕೆ ಧಣಿಯ ಮಾತಿನ ಮೇಲೆ ಬದುಕಿದವನು. ಉಳುವವನೇ ಹೊಲದೊಡೆಯ ಎಂಬ ಕಾನೂನಿಗೆ ನಿಜವಾದ ಹಲ್ಲು ಬಂದದ್ದು 1974ರ ತಿದ್ದುಪಡಿಯಲ್ಲಿ. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲೇ ನೆಲ ಬಂದರಿಗೆ ಹೋಗಿತ್ತು. ಬಂಟ್ವಾಳದ, ಕಾರ್ಕಳದ ಚಾಲಗೇಣಿಯವನು ಆ ಕಾನೂನಿನಡಿ ಡಿಕ್ಲರೇಷನ್ ಅರ್ಜಿ ಕೊಟ್ಟು ಭೂಮಿಯ ಒಡೆಯನಾದ. ಅದೇ ಬಗೆಯ ಗೇಣಿ ಹಿಡಿದ ಪಣಂಬೂರಿನವನಿಗೆ ಡಿಕ್ಲರೇಷನ್ ಕೊಡಲು ಭೂಮಿಯೇ ಉಳಿದಿರಲಿಲ್ಲ. ಕೆಲವೇ ವರ್ಷಗಳ ಅಂತರ ಎರಡು ಕುಟುಂಬಗಳ ಹಣೆಬರಹವನ್ನು ಬೇರೆ ಮಾಡಿತು. ಬಂದರಿನ ಇತಿಹಾಸ ಬರೆಯುವವರು ಟನ್ನುಗಳ ಲೆಕ್ಕದ ಪಕ್ಕದಲ್ಲಿ ಇದನ್ನೂ ಬರೆಯಬೇಕು.

ಇದರ ಹೊಣೆಯನ್ನು ಮಲ್ಯರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂದಿನ ಭೂಸ್ವಾಧೀನದ ಕಾಯಿದೆ 1894ರದು, ಬ್ರಿಟಿಷರು ಮಾಡಿದ್ದು. ಪುನರ್ವಸತಿ ಎಂಬುದು ಅದರಲ್ಲಿ ಹಕ್ಕಾಗಿ ಇರಲೇ ಇಲ್ಲ. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಬಂದರು ಯಾವುದಕ್ಕಾದರೂ ಎದ್ದು ಹೋದವರು ದೇಶಕ್ಕಾಗಿ ತ್ಯಾಗ ಮಾಡಿದರೆಂದು ಹೇಳಿ ಮುಂದೆ ಹೋಗುವುದು ಆ ಕಾಲದ ಎಲ್ಲ ನಾಯಕರ ರೂಢಿ. ಆದರೂ ಮಲ್ಯರನ್ನು ಪ್ರೀತಿಸುವ ನಾವು ಈ ಭಾಗವನ್ನು ಮುಚ್ಚಿಡಬಾರದು. ಜಾನ್ಸನ್ನರ ನಾಗರಿಕ ಹಕ್ಕುಗಳನ್ನು ಹೇಳಿ ವಿಯೆಟ್ನಾಂ ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ. ಮಲ್ಯರ ಬಂದರನ್ನು ಹೇಳಿ ಕಾಟಿಪಳ್ಳ ಬಿಟ್ಟರೂ ಅಷ್ಟೇ. ಎರಡೂ ಒಂದೇ ತೂಕದ ಸಂಗತಿಗಳೆಂದು ನಾನು ಹೇಳುತ್ತಿಲ್ಲ. ಯುದ್ಧ ಬೇರೆ, ಬಂದರು ಬೇರೆ. ಆದರೆ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಯ ಜೊತೆಗೇ ಯಾರಿಂದ ಹೋಯಿತು ಎಂದು ಕೇಳುವ ಅಭ್ಯಾಸ ಎರಡು ಕಡೆಯೂ ಬೇಕು.

ಮಲ್ಯರ ನೆನಪನ್ನು ಊರಿನಾಚೆ ಉಳಿಸಿದವರು ಒಬ್ಬರಿದ್ದಾರೆ. ಮಂಗಳೂರಿನಲ್ಲೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಉಪ್ಪಿನ ಸತ್ಯಾಗ್ರಹ, ನಿರಾಶ್ರಿತರ ಸಹಕಾರ ಸಂಘಗಳು, ಕರಕುಶಲ ಕಲೆಗಳ ಪುನರುಜ್ಜೀವನ ಎಲ್ಲದರಲ್ಲೂ ದುಡಿದ ಆ ತಾಯಿ ದೆಹಲಿಯಲ್ಲಿ ರಂಗಕಲೆಯ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿ ಅದಕ್ಕೆ ಶ್ರೀನಿವಾಸ ಮಲ್ಯರ ಹೆಸರಿಟ್ಟರು. ಮುಖವಾಡಗಳು, ತೊಗಲುಬೊಂಬೆಗಳು, ವೇಷಭೂಷಣಗಳ ಸಂಗ್ರಹ ಅದು. ಸಿಮೆಂಟು, ಹಳಿ, ಹೂಳೆತ್ತುವ ಯಂತ್ರ ಇವುಗಳ ಜೊತೆಗೆ ನಾವು ನೆನೆಯುವ ಮನುಷ್ಯನನ್ನು ಅವರು ಬೊಂಬೆಗಳ ನಡುವೆ ನೆನೆದರು. ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರ ನಡುವಿನ ಗೌರವ ಅದು. ಮಲ್ಯರಲ್ಲಿ ನಾವು ಕಾಣದ ಒಂದು ಮುಖವನ್ನು ಕಮಲಾದೇವಿ ಕಂಡಿದ್ದರು ಎಂದು ಅದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕೊನೆಗೆ ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. ಮಲ್ಯರ ಸಂಸತ್ತಿನ ಮಾತುಗಳು, ಪ್ರಶ್ನೆಗಳು ಲೋಕಸಭೆಯ ನಡಾವಳಿಯಲ್ಲಿ ಅಚ್ಚಾಗಿವೆ, ಯಾರು ಬೇಕಾದರೂ ಓದಬಹುದು. ಅವುಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಈ ಜಿಲ್ಲೆಯ ಕಾಲೇಜುಗಳು ಹಂಚಿಕೊಂಡು ಮಾಡಬೇಕು. ಪಣಂಬೂರಿನಿಂದ ಎದ್ದು ಹೋದವರ ಮಾತು ಮಾತ್ರ ಯಾವ ನಡಾವಳಿಯಲ್ಲೂ ಇಲ್ಲ. ಬಂದರಿನ ಕೆಲಸ ಶುರುವಾದಾಗ ಹತ್ತು ವರ್ಷದವರಾಗಿದ್ದ ಮಕ್ಕಳಿಗೆ ಈಗ ಎಪ್ಪತ್ತು ದಾಟಿದೆ. ತಮ್ಮ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾವ ಗದ್ದೆಯಲ್ಲಿ ಕಂಬಳ ಓಡುತ್ತಿತ್ತು, ಪರಿಹಾರವೆಂದು ಕೈಗೆ ಎಷ್ಟು ಬಂತು, ಅದನ್ನು ಏನು ಮಾಡಿದರು ಎಂದು ಅವರು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳಬಲ್ಲರು. ಕೂಳೂರಿನಿಂದ ಕಾಟಿಪಳ್ಳಕ್ಕೆ ಬಸ್ಸಿದೆ. ಮೊಬೈಲಿನಲ್ಲಿ ಧ್ವನಿ ಹಿಡಿಯಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮುಂದಿನ ವರ್ಷ ಈ ದತ್ತಿಯ ವೇದಿಕೆಯಲ್ಲಿ ಉಪನ್ಯಾಸಕರ ಬದಲು ನೀವು ಅವರಲ್ಲಿ ಒಬ್ಬರನ್ನು ಕರೆತಂದು ಕೂರಿಸಿ, ನಾನು ಕೆಳಗೆ ಕೂತು ಕೇಳುತ್ತೇನೆ.